ನೌರೂಜ್: ವಸಂತದ ಹಬ್ಬ ಮತ್ತು ಕಂದಾಯದ ಲೆಕ್ಕ

ಪರ್ಷಿಯನ್ನರ ಹೊಸವರ್ಷವಾದ ನೌರೂಜ್ ಹಬ್ಬವನ್ನು ಅನಾದಿಯಿಂದಲೂ ಒಂದೇ ಋತುವಿಗೆ ನೆಲೆನಿಂತ ವಸಂತೋತ್ಸವವೆಂದು ವರ್ಣಿಸುವುದು ವಾಡಿಕೆ. ಹಗಲಿರುಳು ಸಮನಾಗುವ ಮಾರ್ಚ್ 20 ಅಥವಾ 21ರ ಸುಮಾರಿಗೆ ಇರಾನ್ ಮತ್ತು ಮಧ್ಯ ಏಷ್ಯಾದ ನಾಡುಗಳಲ್ಲಿ ಅದು ನಡೆಯುವುದನ್ನು ಕಂಡಾಗ ಈ ಮಾತು ಸಹಜವೆನಿಸುತ್ತದೆ. ಆದರೆ ಸಾಸಾನಿಯನ್ ವಂಶದ ಕೊನೆಯ ದೊರೆ ಮೂರನೆಯ ಯಜ್ದೆಗರ್ದ್ ಪಟ್ಟವೇರಿದ ಕ್ರಿ.ಶ. 632ರಲ್ಲಿ ನೌರೂಜ್ ಬಂದದ್ದು ಜೂನ್ 16ರಂದು, ಬಿರುಬೇಸಗೆಯಲ್ಲಿ.

ಇದಕ್ಕೆ ಕಾರಣ ಪಂಚಾಂಗದಲ್ಲಿದೆ. ಮೂವತ್ತು ದಿನಗಳ ಹನ್ನೆರಡು ತಿಂಗಳು ಹಾಗೂ ಐದು ಹೆಚ್ಚುವರಿ ದಿನಗಳನ್ನುಳ್ಳ ಆ ವರ್ಷದಲ್ಲಿ ಉಳಿದ ಕಾಲು ದಿನಕ್ಕೆ ಎಡೆಯಿರಲಿಲ್ಲ. ಹೀಗಾಗಿ ನಾಲ್ಕು ವರ್ಷಕ್ಕೊಂದು ದಿನದಂತೆ ಹಬ್ಬ ಹಿಂದಕ್ಕೆ ಸರಿಯುತ್ತಿತ್ತು. ಅರಬರ ಆಳ್ವಿಕೆ ಬಂದ ಮೇಲೂ, 354 ದಿನಗಳ ಚಾಂದ್ರಮಾನ ವರ್ಷ ಬೆಳೆಗೆ ಹೊಂದದ ಕಾರಣ, ಭೂಕಂದಾಯದ ವಸೂಲಿ ನೌರೂಜಿನಿಂದಲೇ ಆರಂಭವಾಗುತ್ತಿತ್ತು. ಒಂಬತ್ತನೆಯ ಶತಮಾನದ ನಡುವೆ ಹಬ್ಬವು ಏಪ್ರಿಲ್‌ಗೆ ಬಂದು ನಿಂತಾಗ ಸಂಕಟ ಕಾಣಿಸಿಕೊಂಡಿತು. ಕ್ರಿ.ಶ. 1000ದ ಸುಮಾರಿನಲ್ಲಿ ರಚಿತವಾದ ಅಲ್‌ಬಿರೂನಿಯ ಕಾಲಗಣನೆಯ ಗ್ರಂಥದಲ್ಲಿ ಇದರ ವೃತ್ತಾಂತವಿದೆ: ಬೇಟೆಯ ಕಾವಲಿನಲ್ಲಿ ತಿರುಗುತ್ತಿದ್ದ ಖಲೀಫ ಅಲ್‌ಮುತವಕ್ಕಿಲ್ ಇನ್ನೂ ಹಸಿರಾಗಿದ್ದ ಪೈರನ್ನು ಕಂಡು, ಜನ ಕಂದಾಯವನ್ನು ಯಾವುದರಿಂದ ಕಟ್ಟುತ್ತಾರೆಂದು ಕೇಳಿದನಂತೆ. ಸಾಲ ಮಾಡಿ ಕಟ್ಟುತ್ತಾರೆ, ಆಗದವರು ಊರು ಬಿಡುತ್ತಾರೆ ಎಂಬ ಉತ್ತರ ಬಂತು. ಅವನು ಕೈಗೊಂಡ ಸುಧಾರಣೆ 861ರಲ್ಲಿ ಅವನ ಕೊಲೆಯೊಂದಿಗೆ ನಿಂತುಹೋಯಿತು. 895ರಲ್ಲಿ ಖಲೀಫ ಅಲ್‌ಮುತದಿದ್ ಕಂದಾಯದ ನೌರೂಜನ್ನು ಅರುವತ್ತು ದಿನ ಮುಂದೂಡಿ ಜೂನ್ 11ಕ್ಕೆ ನಿಲ್ಲಿಸಿದನು. ಇದು ಕೇವಲ ಕರುಣೆಯಲ್ಲ. ಊರು ಬಿಟ್ಟ ರೈತನಿಂದ ಬೊಕ್ಕಸಕ್ಕೆ ಏನೂ ಬಾರದು.

ಜನಪದರಿಗೂ ಫಸಲಿನದೇ ಚಿಂತೆ. ನೌರೂಜಿನಲ್ಲಿ ಏಳು ಬಗೆಯ ಧಾನ್ಯಗಳನ್ನು ಏಳು ಕಂಬಗಳ ಮೇಲೆ ಬಿತ್ತಿ, ಮೊಳಕೆಯ ಏಳಿಗೆಯಿಂದ ಆ ವರ್ಷದ ಬೆಳೆಯನ್ನು ಊಹಿಸುತ್ತಿದ್ದ ಪದ್ಧತಿಯನ್ನೂ ಬಿರೂನಿಯೇ ದಾಖಲಿಸಿದ್ದಾನೆ. ಇಂದು ಇರಾನಿನ ಮನೆಗಳಲ್ಲಿ ಹಬ್ಬಕ್ಕೆಂದು ಬೆಳೆಸಿ, ಹದಿಮೂರನೆಯ ದಿನ ಹರಿಯುವ ನೀರಿಗೆ ಬಿಡುವ ಗೋಧಿಯ ಸಸಿಗಳು ಈ ಆಚರಣೆಯನ್ನು ನೆನಪಿಸುತ್ತವೆ.

ಹಬ್ಬವನ್ನು ವಸಂತ ವಿಷುವಕ್ಕೆ ಗಟ್ಟಿಯಾಗಿ ಕಟ್ಟಿದವನು ಸೆಲ್ಜುಕ್ ಸುಲ್ತಾನ ಮಲಿಕ್‌ಷಾ. ಅಷ್ಟರಲ್ಲಿ ಅದು ವಿಷುವಕ್ಕಿಂತ 18 ದಿನ ಹಿಂದೆ ಸರಿದಿತ್ತು. ಉಮರ್ ಖಯ್ಯಾಮನೂ ಇದ್ದ ಖಗೋಳಜ್ಞರ ತಂಡದ ಲೆಕ್ಕದಂತೆ 1079ರಲ್ಲಿ ಜಲಾಲಿ ಪಂಚಾಂಗ ಜಾರಿಗೆ ಬಂದಿತು. ಭಾರತಕ್ಕೆ ವಲಸೆ ಬಂದಿದ್ದ ಪಾರ್ಸಿಗಳು ಈ ತಿದ್ದುಪಡಿಯಿಂದ ಹೊರಗುಳಿದರು. ಅವರಲ್ಲಿ ಬಹುಪಾಲು ಜನರ ಶಹೆನ್‌ಶಾಹಿ ಹೊಸವರ್ಷ ಈಗ ಆಗಸ್ಟಿನಲ್ಲಿ ಬರುತ್ತದೆ. ಮಾರ್ಚ್ 21ರ ಜಮ್‌ಶೇದಿ ನೌರೋಜ್ ಬೇರೆಯೇ ಹಬ್ಬವಾಗಿ ಉಳಿದಿದೆ. ಋತುವಿಗೆ ಹೊಂದುವ ಪಂಚಾಂಗವನ್ನು 1906ರಲ್ಲಿ ಖರ್ಷೇದ್‌ಜಿ ರುಸ್ತಂಜಿ ಕಾಮಾ ಮುಂದಿಟ್ಟಾಗ ಅದಕ್ಕೆ ‘ಫಸಲಿ’ ಎಂಬ ಹೆಸರು ಬಂತು. ಅಕ್ಬರನ ಕಾಲದಲ್ಲಿ, ಚಾಂದ್ರಮಾನ ವರ್ಷಕ್ಕೂ ಸುಗ್ಗಿಗೂ ತಾಳೆಯಾಗದೆ ರೂಪುಗೊಂಡ ಕಂದಾಯ ವರ್ಷದ ಹೆಸರೂ ಅದೇ. ನಿಜಾಮರ ಆಡಳಿತದಲ್ಲಿದ್ದ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳ ಹಳೆಯ ಭೂದಾಖಲೆಗಳಲ್ಲಿ ಕಾಣುವುದು ಈ ಕಂದಾಯದ ಫಸಲಿಯೇ.