ಕೋಡಿ, ಕನ್ನಂಬಾಡಿ ಮತ್ತು ಎಚ್ಚರಿಕೆಯ ಗಂಟೆ

ಮೈಸೂರು ಸೀಮೆಯ ಕೆರೆಗಳಲ್ಲಿ ತೂಬೆತ್ತಿ ಗದ್ದೆಗೆ ನೀರು ಬಿಡುವುದು, ಏರಿ ಜಿನುಗುತ್ತಿದೆಯೇ ಎಂದು ನೋಡಿಕೊಳ್ಳುವುದು ನೀರಗಂಟಿಯ ಕೆಲಸವಾಗಿದ್ದರೂ, ಕೆರೆ ತುಂಬಿ ಉಕ್ಕುವ ಗಳಿಗೆಯನ್ನು ಹಿಂದಿನವರು ಅವನೊಬ್ಬನ ಎಚ್ಚರಕ್ಕೆ ಬಿಟ್ಟಿರಲಿಲ್ಲ. ಹೆಚ್ಚಾದ ನೀರು ಹರಿದುಹೋಗಲೆಂದು ಏರಿಗಿಂತ ತಗ್ಗಿನಲ್ಲಿ ಕಟ್ಟಿದ ಕೋಡಿ ಆ ಹೊಣೆ ಹೊತ್ತಿದ್ದರಿಂದ, ನಡುರಾತ್ರಿ ನೀರಗಂಟಿ ಮಲಗಿದ್ದರೂ ಕೆರೆ ಕೋಡಿ ಬೀಳುತ್ತಿತ್ತು.

ಆದರೆ ಕೋಡಿಯ ಮಟ್ಟಕ್ಕಿಂತ ಮೇಲೆ ನೀರು ನಿಲ್ಲದು. ಈ ಕೊರತೆ ನೀಗಲು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳು 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಮೊದಲು ಕೂತವು. ಮುಂದೆ ಗ್ವಾಲಿಯರ್‌ನ ತಿಗ್ರಾ ಅಣೆಕಟ್ಟೆಗೂ, 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿಗೂ ಬಂದವು. ನೀರು ನಿಗದಿತ ಮಟ್ಟ ಮೀರಿದೊಡನೆ ತೊಟ್ಟಿಯೊಂದಕ್ಕೆ ನುಗ್ಗಿ, ಬಾಗಿಲನ್ನು ಹಿಡಿದಿಟ್ಟ ಎದುರುತೂಕದ ಸಮತೋಲ ತಪ್ಪಿಸುತ್ತಿತ್ತು. ಬಾಗಿಲು ತಾನಾಗಿ ತೆರೆಯುತ್ತಿತ್ತು. ಗಂಟೆ ಬಾರಿಸಿ ಒಬ್ಬನನ್ನು ಎಬ್ಬಿಸಬೇಕಾದ ಕೆಲಸವೇ ಇಲ್ಲಿ ಇಲ್ಲವಾಯಿತು. ಯಂತ್ರದ ಕಿವಿ ಮಾತ್ರ ಒಂದೇ ಮಾತಿಗೆ ತೆರೆದಿರುತ್ತದೆ: ತಿಗ್ರಾ 1917ರಲ್ಲಿ ಒಡೆದದ್ದು ತಳಪಾಯದ ಬಂಡೆಯೊಳಗೆ ನೀರು ಇಳಿದುದರಿಂದ, ಮೇಲಿನ ಬಾಗಿಲಿಗೆ ಅದರ ಸುಳಿವು ಸಿಗುವಂತೆಯೇ ಇರಲಿಲ್ಲ.

ಮುಂದಿನ ಕಾರ್ಖಾನೆಗಳು ಇದಕ್ಕೆ ವಿರುದ್ಧವಾದ ದಾರಿ ಹಿಡಿದು, ಕಂಡ ಕಂಡ ಏರುಪೇರಿಗೆಲ್ಲ ಅಲಾರಾಂ ಇಟ್ಟವು. ಗಣಕಯಂತ್ರ ಬಂದ ಮೇಲೆ ಇನ್ನೊಂದು ಅಲಾರಾಂ ಸೇರಿಸಲು ಖರ್ಚೇ ಇಲ್ಲದಾಯಿತು. ಅದರ ಬೆಲೆ ತೆತ್ತವನು ಆಪರೇಟರ್. ಬ್ರಿಟನ್ನಿನ ಮಿಲ್‌ಫರ್ಡ್ ಹೇವನ್ ತೈಲಶುದ್ಧೀಕರಣಾಗಾರದಲ್ಲಿ 1994ರ ಜುಲೈ 24ರಂದು ಸ್ಫೋಟಕ್ಕೆ ಮುಂಚಿನ 11 ನಿಮಿಷಗಳಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ 275 ಅಲಾರಾಂಗಳು ಬಂದು ಬಿದ್ದವು. ಅಲಾರಾಂ ಪ್ರವಾಹ ಎನ್ನುವುದು ಇದನ್ನೇ. 1999ರಲ್ಲಿ ಬ್ರಿಟನ್ನಿನಲ್ಲಿಯೇ ಹೊರಬಂದ ಮಾರ್ಗಸೂಚಿ ಹತ್ತು ನಿಮಿಷಕ್ಕೆ ಒಂದು ಅಲಾರಾಂ ಎಂಬ ಅಳತೆಯನ್ನಿಟ್ಟು, ಕೇಳಿದವನು ಮಾಡಬೇಕಾದ ಕೆಲಸವೂ ಅದಕ್ಕೆ ಬೇಕಾದ ಬಿಡುವೂ ಇಲ್ಲದ ಸದ್ದು ಅಲಾರಾಂ ಅಲ್ಲವೆಂದು ವಿಂಗಡಿಸಿತು. ಕೋಡಿ ಕಟ್ಟಿದವರಿಗೆ ಈ ವಿಂಗಡಣೆ ಹೊಸದೆನಿಸುತ್ತಿರಲಿಲ್ಲ.

ಮೈಸೂರಿಗೆ ಇಪ್ಪತ್ತು ಕಿಲೋಮೀಟರಿನಷ್ಟು ದೂರದ ಕನ್ನಂಬಾಡಿಯ ಹಳೆಯ ಬಾಗಿಲುಗಳನ್ನು ಇತ್ತೀಚೆಗೆ ಬದಲಾಯಿಸಲಾಗಿದೆ, 124.80 ಅಡಿ ಎಂಬ ಗರಿಷ್ಠ ಮಟ್ಟ ಮಾತ್ರ ಮಳೆಗಾಲದ ಪತ್ರಿಕೆಗಳಲ್ಲಿ ದಿನವೂ ಅಚ್ಚಾಗುತ್ತದೆ. ಬಾಗಿಲು ಹೇಗೆ ತೆರೆದರೂ ಹೊಳೆಯ ಕೆಳಗಿನವರಿಗೆ ಮುನ್ಸೂಚನೆ ಬೇಕೇ ಬೇಕು: ನದಿಪಾತ್ರದ ಹಳ್ಳಿಗಳಿಗೆ ಸುದ್ದಿ ಮುಟ್ಟಿಸಿ, ರಂಗನತಿಟ್ಟಿನ ದೋಣಿಗಳನ್ನು ದಡಕ್ಕೆ ಕಟ್ಟಿಹಾಕುತ್ತಾರೆ.