ಪೀಠವಿಲ್ಲದ ಬೋಧನೆ: ಪಂಡಿತಾ ರಮಾಬಾಯಿಯವರ ವಿಶ್ವಾಸಯಾನದಲ್ಲಿ ಗ್ರಂಥವಾಚನ

ಪಂಡಿತಾ ರಮಾಬಾಯಿ (1858–1922) ಕ್ರೈಸ್ತರಾದದ್ದು ಯಾವಾಗ? ಅವರ ಜೀವನಚರಿತ್ರೆಗಳಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರ ಸಿಗುವುದಿಲ್ಲ. ಇಂಗ್ಲೆಂಡಿನ ವಾಂಟೇಜ್‌ನಲ್ಲಿ ಮಗಳು ಮನೋರಮೆಯೊಂದಿಗೆ ಅವರು ದೀಕ್ಷಾಸ್ನಾನ ಪಡೆದದ್ದು 1883ರ ಸೆಪ್ಟೆಂಬರ್ 29ರಂದು. ಆದರೆ 1907ರ ತಮ್ಮ ಸಾಕ್ಷಿಯಲ್ಲಿ ಅವರೇ, ಆಗ ತನಗೆ ದೊರೆತದ್ದು ಕ್ರೈಸ್ತ ಧರ್ಮ, ಕ್ರಿಸ್ತನಲ್ಲ ಎಂಬರ್ಥದ ಮಾತು ಬರೆದಿದ್ದಾರೆ. ನಿಜವಾದ ತಿರುವು ಬಂದದ್ದು ಎಂಟು ವರ್ಷಗಳ ಮೇಲೆ, 1891ರಲ್ಲಿ ಎಂಬುದು ಅವರ ಲೆಕ್ಕ. ಮಿಷನರಿ ಬರಹಗಾರರು ಈ ಮಾತನ್ನೇ ಹಿಡಿದು 1883ನ್ನು ಬರಿಯ ಪೀಠಿಕೆಯಾಗಿ ಕಂಡರು. ಇತ್ತೀಚಿನ ವಿದ್ವಾಂಸರಾದ ಮೀರಾ ಕೋಸಂಬಿ, ಗೌರಿ ವಿಶ್ವನಾಥನ್ ಮೊದಲಾದವರ ಗಮನ ಹೆಚ್ಚಾಗಿ ಹೋದದ್ದು ಇಂಗ್ಲೆಂಡಿನಲ್ಲಿ ಆಂಗ್ಲಿಕನ್ ಸಭೆಯೊಡನೆ ರಮಾಬಾಯಿ ನಡೆಸಿದ ವಾಗ್ವಾದದ ಕಡೆಗೆ. ಮೊದಲ ಗುಂಪಿಗೆ ಬೇಕಾದವಳು ಭಕ್ತೆ, ಎರಡನೆಯದಕ್ಕೆ ಭಿನ್ನಮತೀಯಳು.

ಈ ಎರಡೂ ಓದುಗಳಲ್ಲಿ ಒಂದು ಸಂಗತಿ ಬದಿಗೆ ಸರಿದಿದೆ. ರಮಾಬಾಯಿ ಯಾವ ಸಭೆಯ ಗುರುದೀಕ್ಷೆಯನ್ನೂ ಪಡೆದವರಲ್ಲ. ಹೆಂಗಸಾದ್ದರಿಂದ ಆ ಕಾಲದ ಆಂಗ್ಲಿಕನ್ ಸಭೆಯಲ್ಲಿ ಪಡೆಯುವಂತೆಯೂ ಇರಲಿಲ್ಲ. ಆದರೂ ಮೂವತ್ತಕ್ಕೂ ಹೆಚ್ಚು ವರ್ಷ ಅವರು ದಿನವೂ ಬೋಧಿಸಿದರು, ಪ್ರಾರ್ಥನೆ ನಡೆಸಿದರು, ಸಾವಿರಾರು ಹೆಂಗಸರ ಆತ್ಮಿಕ ಆರೈಕೆ ಹೊತ್ತರು. ಈ ಅಧಿಕಾರ ಅವರಿಗೆ ಬಂದದ್ದೆಲ್ಲಿಂದ? ಗ್ರಂಥವನ್ನು ತೆರೆದು ಜನರ ನಡುವೆ ಓದುವ ಕಸುಬಿನಿಂದ ಎಂಬುದು ನನ್ನ ವಾದ. ಆ ಕಸುಬನ್ನು ಅವರು ಕಲಿತದ್ದು ಕ್ರೈಸ್ತ ಸಭೆಯಲ್ಲಲ್ಲ, ತಂದೆತಾಯಿಯ ಬಳಿ.

ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ತಮ್ಮ ಹೆಂಡತಿಗೆ ಸಂಸ್ಕೃತ ಕಲಿಸಲು ಹೊರಟದ್ದಕ್ಕೆ ಧರ್ಮಬಾಹಿರನೆಂಬ ದೂರು ಬಂದು, ಅವರು ಉಡುಪಿಯ ಪಂಡಿತರ ಸಭೆಯೆದುರು ನಿಂತು ಶಾಸ್ತ್ರಾಧಾರಗಳನ್ನು ಒದಗಿಸಬೇಕಾಯಿತು. ಆ ಬಳಿಕ ಅವರು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಆಶ್ರಮ ಕಟ್ಟಿಕೊಂಡರು. ರಮಾಬಾಯಿ ಹುಟ್ಟಿದ್ದು ಅಲ್ಲೇ, 1858ರ ಏಪ್ರಿಲ್ 23ರಂದು. ಆರು ತಿಂಗಳ ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಆಳೊಬ್ಬನ ತಲೆಯ ಮೇಲೆ ಹೊರಿಸಿಕೊಂಡು ಕುಟುಂಬ ಘಟ್ಟ ಇಳಿಯಿತು; ಅಲ್ಲಿಂದ ಮುಂದೆ ಬದುಕೆಲ್ಲ ತೀರ್ಥಯಾತ್ರೆಯೇ. ದೇವಸ್ಥಾನದ ಅಂಗಳದಲ್ಲೋ ನದಿಯ ದಡದಲ್ಲೋ ಕೂತು ಪುರಾಣ ಓದುವುದು, ಕೇಳಿದವರು ಇಟ್ಟ ದಕ್ಷಿಣೆಯಲ್ಲಿ ಉಣ್ಣುವುದು. ತಾಯಿ ಲಕ್ಷ್ಮೀಬಾಯಿ ನಸುಕಿನಲ್ಲೇ ಮಗಳನ್ನು ಎಬ್ಬಿಸಿ ಶ್ಲೋಕ ಬಾಯಿಪಾಠ ಮಾಡಿಸುತ್ತಿದ್ದರು. ವ್ಯಾಸಪೀಠ ಏರುವುದು ಗಂಡಸರ ವೃತ್ತಿ ಎಂದಿದ್ದ ಕಾಲದಲ್ಲಿ ಈ ಹುಡುಗಿಗೆ ಓದಿ ಹೇಳುವುದೇ ಮನೆತನದ ಕೆಲಸವಾಯಿತು.

ಆ ಮನೆತನ ಬರಗಾಲದಲ್ಲಿ ಕರಗಿಹೋಯಿತು. 1870ರ ದಶಕದ ನಡುಭಾಗದ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ತೀರಿಕೊಂಡರು. ಉಳಿದ ಅಣ್ಣ ತಂಗಿ ನಡೆಯುತ್ತ ನಡೆಯುತ್ತ 1878ರಲ್ಲಿ ಕಲ್ಕತ್ತ ತಲುಪಿದರು. ಅಲ್ಲಿನ ವಿದ್ವಾಂಸರು ಅವರಿಗೆ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ವೇದ ಹೆಂಗಸರಿಗೆ ನಿಷಿದ್ಧವೆಂದೇ ತಿಳಿದಿದ್ದ ರಮಾಬಾಯಿಯವರ ಕೈಗೆ ವೇದದ ಪ್ರತಿಯನ್ನಿಟ್ಟವರು ಕೇಶವಚಂದ್ರ ಸೇನ್. ಹೆಂಗಸರ ಕರ್ತವ್ಯದ ಮೇಲೆ ಉಪನ್ಯಾಸ ಕೊಡಲೆಂದು ಧರ್ಮಶಾಸ್ತ್ರಗಳನ್ನು ಕೂತು ಓದಿದಾಗ, ಬೇರೆಲ್ಲ ವಿಷಯದಲ್ಲೂ ಜಗಳಾಡುವ ಆ ಗ್ರಂಥಗಳು ಹೆಂಗಸರನ್ನೂ ಶೂದ್ರರನ್ನೂ ಹೀಗಳೆಯುವುದರಲ್ಲಿ ಮಾತ್ರ ಒಮ್ಮತಕ್ಕೆ ಬರುತ್ತವೆಂದು ಅವರಿಗೆ ಕಂಡಿತು. 1880ರಲ್ಲಿ ಅಣ್ಣನ ಸಾವು, ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧ್ವಿಯೊಡನೆ ಮದುವೆ. 1882ರ ಫೆಬ್ರವರಿಯಲ್ಲಿ ಕಾಲರಾ ಬಂದು ಗಂಡನೂ ತೀರಿಕೊಂಡರು. ಗಂಡನ ಪುಸ್ತಕಗಳ ನಡುವೆಯೇ ಅವರು ಲೂಕನ ಸುವಾರ್ತೆಯ ಬಂಗಾಳಿ ಪ್ರತಿಯನ್ನು ಕಂಡು ಓದಿದ್ದರು.

ಇಲ್ಲಿಂದ ಮುಂದಿನ ಪ್ರತಿಯೊಂದು ಮಗ್ಗುಲಲ್ಲೂ ಒಂದು ಓದು ಇದೆ. ಪುಣೆಯಲ್ಲಿ ಮರಾಠಿ ಹೊಸ ಒಡಂಬಡಿಕೆಯ ಪಾಠ. ಇಂಗ್ಲೆಂಡಿನಲ್ಲಿ ವಾಂಟೇಜ್‌ನ ಸಂನ್ಯಾಸಿನಿಯರು ಅವರನ್ನು ಲಂಡನ್ನಿನ ಫುಲಮ್‌ಗೆ ಕಳುಹಿಸಿದರು. ಸಮಾಜ ಕೆಟ್ಟವರೆಂದು ಹೊರಗಿಟ್ಟ ಹೆಂಗಸರನ್ನು ಅಲ್ಲಿ ಸಂನ್ಯಾಸಿನಿಯರು ಅಕ್ಕರೆಯಿಂದ ನೋಡಿಕೊಳ್ಳುತ್ತಿದ್ದರು. ಇದಕ್ಕೆ ಪ್ರೇರಣೆ ಏನೆಂದು ಕೇಳಿದ್ದಕ್ಕೆ ಅವರಿಗೆ ಓದಿ ಹೇಳಿದ್ದು ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯ, ಸಮಾರ್ಯದ ಹೆಂಗಸಿನ ಕತೆ. ಧರ್ಮಶಾಸ್ತ್ರಗಳಲ್ಲಿ ಕಂಡ ಒಮ್ಮತಕ್ಕೆ ಎದುರಾಗಿ ಇನ್ನೊಂದು ಗ್ರಂಥ ಬೇರೆಯೇ ಮಾತು ಹೇಳುತ್ತಿತ್ತು. ಮಹಾರಾಷ್ಟ್ರದ ಬ್ರಾಹ್ಮಣ ಮೂಲದ ಪಾದ್ರಿ ನೆಹೆಮ್ಯಾ ಗೋರೆಯವರ ಬರಹ ಉಳಿದ ಶಂಕೆಗಳಿಗೆ ತರ್ಕದ ಉತ್ತರ ಕೊಟ್ಟಿತು. ಹೀಗೆ 1883ರ ನಿರ್ಧಾರ ಪಂಡಿತೆಯೊಬ್ಬಳು ಪೂರ್ವಪಕ್ಷ, ಉತ್ತರಪಕ್ಷಗಳನ್ನು ತೂಗಿ ಕೊಟ್ಟ ತೀರ್ಪು. ಅದರಲ್ಲಿ ಭಾವಾವೇಶ ಕಡಿಮೆಯೆಂದು ಅದನ್ನು ಹುಸಿ ಎನ್ನಲಾಗದು.

ದೀಕ್ಷೆ ಕೊಟ್ಟ ಸಭೆಗೆ ಬೇಕಾಗಿದ್ದುದು ವಿಧೇಯ ಶಿಷ್ಯೆ. ದೊರೆತದ್ದು ಉಡುಪಿಯ ಸಭೆಯಲ್ಲಿ ವಾದಿಸಿದವರ ಮಗಳು. ತ್ರಿತ್ವದ ತತ್ವ, ಅಥನೇಸಿಯನ್ ವಿಶ್ವಾಸಪ್ರಮಾಣ ಇವನ್ನು ಬೈಬಲಿನ ಮಾತಿನಿಂದಲೇ ರುಜುಪಡಿಸಿರೆಂದು ಅವರು ಪಟ್ಟು ಹಿಡಿದರು. ಮಾಂಸಾಹಾರ ಒಲ್ಲೆನೆಂದರು. ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಏಕೆ, ಸಂಸ್ಕೃತ ಏಕಾಗಬಾರದು ಎಂದು ಕೇಳಿದರು. 1885ರ ಹೊತ್ತಿಗೆ ಚೆಲ್ಟನಮ್ ಮಹಿಳಾ ಕಾಲೇಜಿನಲ್ಲಿ ಓದುತ್ತ ಕಲಿಸುತ್ತ ಇದ್ದ ರಮಾಬಾಯಿ ತರುಣರಿಗೂ ಪಾಠ ಹೇಳಬಹುದೇ ಎಂಬ ಪ್ರಶ್ನೆ ಎದ್ದಾಗ, ಮುಂಬಯಿಯ ಮತ್ತು ಲಾಹೋರಿನ ಬಿಷಪ್ಪರು ಕೂಡದೆಂದರು. ಗಂಡಸರಿಗೆ ಕಲಿಸಿದಳೆಂದರೆ ಭಾರತದಲ್ಲಿ ಆಕೆಯ ಪ್ರಭಾವ ಕೆಡುತ್ತದೆ ಎಂಬುದು ಅವರು ಕೊಟ್ಟ ಕಾರಣ. ಕಲ್ಕತ್ತದ ಪಂಡಿತರೆದುರು ಮಾತಾಡಿ ಬಿರುದು ಪಡೆದವರಿಗೆ ಕೊಟ್ಟ ಬುದ್ಧಿಮಾತು ಇದು! ರಮಾಬಾಯಿ ಬರೆದ ಉತ್ತರದ ಸಾರ ಇಷ್ಟು: ಒಂದು ಪುರೋಹಿತವರ್ಗದ ನೊಗವನ್ನು ಬಲು ಕಷ್ಟದಿಂದ ಕಳಚಿದ್ದೇನೆ, ಇನ್ನೊಂದರ ನೊಗಕ್ಕೆ ಕತ್ತು ಕೊಡಲಾರೆ. ಮಹಾರಾಷ್ಟ್ರದಲ್ಲಿ ಮತಾಂತರಕ್ಕಾಗಿ ಅವರ ಮೇಲೆ ಟೀಕೆಯ ಮಳೆ ಸುರಿಯುತ್ತಿದ್ದಾಗ ಅವರ ಪರ ಬರೆದವರು ಜೋತಿರಾವ್ ಫುಲೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ಆಕರಗಳ ಬಗ್ಗೆ ಒಂದು ಎಚ್ಚರಿಕೆ. ಈ ವಾಗ್ವಾದದ ಪತ್ರಗಳು ಅಂದಂದೇ ಬರೆದವು, ಆದ್ದರಿಂದ ಬೆಲೆಯುಳ್ಳವು. ಆದರೆ ಅವನ್ನು ಕೂಡಿಟ್ಟವರು ವಾಗ್ವಾದದ ಇನ್ನೊಂದು ಪಕ್ಷವಾಗಿದ್ದ ವಾಂಟೇಜ್‌ನ ಸಂನ್ಯಾಸಿನಿ ಸಿಸ್ಟರ್ ಜೆರಾಲ್ಡಿನ್. ಎ. ಬಿ. ಷಾ ಅವರ ಸಂಪಾದಕತ್ವದಲ್ಲಿ 1977ರಲ್ಲಿ ಅಚ್ಚಾದ ಸಂಪುಟದಲ್ಲಿ ಆಕೆಯ ಟಿಪ್ಪಣಿಗಳೂ ಸೇರಿವೆ. 1907ರ ಸಾಕ್ಷಿಯದು ಬೇರೆ ತೊಡಕು. ಅದು ಅವರ ಮುಕ್ತಿ ಸದನದಲ್ಲಿ 1905ರಲ್ಲಿ ನಡೆದ ಧಾರ್ಮಿಕ ಉಜ್ಜೀವನದ ಎರಡು ವರ್ಷಗಳ ಮೇಲೆ, ಇವಾಂಜೆಲಿಕಲ್ ವಾಚಕರಿಗೆಂದು ಬರೆದ ಕೃತಿ. ಹಿಂದಿನ ಕತ್ತಲೆ, ಆಮೇಲಿನ ಬೆಳಕು ಎಂಬ ಕಥನಕ್ರಮ ಆ ಪ್ರಕಾರಕ್ಕೇ ಸಹಜವಾದದ್ದು. 1883ನ್ನು ಅದು ಕಿರಿದುಮಾಡುವುದರಲ್ಲಿ ಈ ಕ್ರಮದ ಒತ್ತಡವೂ ಇದೆ.

ಈ ಎಚ್ಚರದೊಡನೆ 1891ಕ್ಕೆ ಬರೋಣ. ಆಗ ರಮಾಬಾಯಿ ಪುಣೆಯಲ್ಲಿ ಶಾರದಾ ಸದನ ನಡೆಸುತ್ತಿದ್ದರು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಆರಂಭವಾಗಿ ಮರುವರ್ಷ ಪುಣೆಗೆ ಬಂದ ಈ ವಿಧವಾಶಾಲೆಗೆ ಬಾಸ್ಟನ್ನಿನ ರಮಾಬಾಯಿ ಸಂಘದ ಹಣ, ರಾನಡೆ, ಭಾಂಡಾರ್ಕರ್ ಮೊದಲಾದವರ ಸಲಹೆ. ಮತಪ್ರಚಾರ ಇಲ್ಲವೆಂಬುದು ಕರಾರು. ಈ ನಡುವೆ ಅವರ ಕೈಗೆ ವಿಲಿಯಂ ಹ್ಯಾಸ್ಲಮ್ ಎಂಬಾತನ ಆತ್ಮಕಥನ ಸಿಕ್ಕಿತು. ಕಾರ್ನ್‌ವಾಲ್‌ನ ಈ ಆಂಗ್ಲಿಕನ್ ಪಾದ್ರಿ 1851ರಲ್ಲಿ ಪ್ರಸಂಗ ಮಾಡುತ್ತ ಮಾಡುತ್ತಲೇ, ತಾನು ಬೋಧಿಸುತ್ತಿರುವುದು ತನಗೇ ದಕ್ಕಿಲ್ಲವೆಂದು ಅರಿತವನು. ತನ್ನ ಪ್ರಸಂಗಕ್ಕೆ ತಾನೇ ಮನಸೋತವನು. ದೀಕ್ಷೆ, ಪೀಠ, ಪದವಿ ಎಲ್ಲ ಇದ್ದವನಿಗೂ ಒಳಗಿನ ಅರಿವು ಇಲ್ಲದಿರಬಹುದೆಂದು ಆ ಪುಸ್ತಕ ತೋರಿಸಿತು. ಪೀಠ ನಿರಾಕರಿಸಲ್ಪಟ್ಟ ಹೆಂಗಸಿಗೆ ಅದರ ಮರುಮಗ್ಗುಲು ಹೊಳೆಯದೆ ಇದ್ದೀತೆ? ರಮಾಬಾಯಿ ಹಾಗೆಂದು ಬಿಡಿಸಿ ಬರೆದಿಲ್ಲ; ಇದು ನನ್ನ ಊಹೆ. ಅವರು ಬರೆದದ್ದು, ತಾನು ಪಾಪಿಯೆಂಬುದೂ ತನಗೆ ಬೇಕಾದದ್ದು ಒಂದು ಮತವಲ್ಲ, ರಕ್ಷಕನೆಂಬುದೂ ಆಗ ಮನದಟ್ಟಾಯಿತು ಎಂದು.

ಈ ನವೀಕರಣದ ಫಲ ಹೊರಗೆ ಕಂಡದ್ದು ಬಹಳ ಸಣ್ಣ ರೂಪದಲ್ಲಿ. ಅವರು ತಮ್ಮ ಕೋಣೆಯಲ್ಲಿ ಬೈಬಲ್ ಓದಿ ಪ್ರಾರ್ಥಿಸುವಾಗ ಬಾಗಿಲು ತೆರೆದಿಡುತ್ತಿದ್ದರು. ಹುಡುಗಿಯರು ತಾವಾಗಿ ಬಂದು ಕೂರತೊಡಗಿದರು. ಕರೆಯಲಿಲ್ಲ, ತಡೆಯಲೂ ಇಲ್ಲ ಎಂಬುದು ರಮಾಬಾಯಿಯವರ ನಿಲುವು. ಕರಾರು ಮುರಿದಂತೆಯೇ ಎಂಬುದು ಟೀಕಾಕಾರರದು. ತಿಲಕರ ಕೇಸರಿ ಪತ್ರಿಕೆ ಹರಿಹಾಯಿತು. 1893ರಲ್ಲಿ ಸಲಹಾ ಮಂಡಲಿ ರಾಜೀನಾಮೆ ಕೊಟ್ಟಿತು, ಹಲವು ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ದೂರಿನಲ್ಲಿ ಹುರುಳಿರಲಿಲ್ಲವೆಂದು ನನಗನಿಸುವುದಿಲ್ಲ. ಶಾಲೆಯ ಒಡತಿ ಬಾಗಿಲು ತೆರೆದಿಟ್ಟರೆ ಅದು ಶಾಲೆಯೊಳಗೆ ಆಹ್ವಾನವೇ. ಆದರೆ ಅಂಗಳದಲ್ಲಿ ಕೂತು ಓದುವುದು, ಬಂದವರು ಕೇಳುವುದು — ಇದು ಪುರಾಣ ಓದುತ್ತಿದ್ದ ಕುಟುಂಬದ ಕ್ರಮವೇ ಎಂಬುದನ್ನು ಆ ದಿನಗಳ ಪತ್ರಿಕೆಗಳೂ ನಂತರದ ಸಂಶೋಧಕರೂ ಗಮನಿಸಲಿಲ್ಲ.

1896–97ರ ಕ್ಷಾಮದಲ್ಲಿ ರಮಾಬಾಯಿ ಮಧ್ಯಪ್ರಾಂತ್ಯದಿಂದ ನೂರಾರು ಹುಡುಗಿಯರನ್ನು ಪುಣೆ ಬಳಿಯ ಕೇಡಗಾಂವ್‌ಗೆ ಕರೆತಂದರು. ತಾವು ಹಸಿವಿನಲ್ಲಿ ಅಲೆದ ನೆನಪೇ ಅವರನ್ನು ಎಳೆದೊಯ್ದದ್ದು. ಹೊಲ, ಬಾವಿ, ಮಗ್ಗ, ಮುದ್ರಣಾಲಯ ಎಲ್ಲ ಸೇರಿ ಮುಕ್ತಿ ಸದನ ಬೆಳೆಯಿತು. ಜನವರಿ 1905ರಲ್ಲಿ ಸುಮಾರು 70 ಹೆಂಗಸರು ದಿನವೂ ಕೂಡಿ ಪ್ರಾರ್ಥಿಸಲು ತೊಡಗಿದರು. ವೇಲ್ಸ್‌ನ ಉಜ್ಜೀವನದ ಸುದ್ದಿ, ಖಾಸಿ ಬೆಟ್ಟಗಳ ಸುದ್ದಿ ಕಿವಿಗೆ ಬೀಳುತ್ತಿತ್ತು. ಜೂನ್ 29ರ ನಸುಕಿನಲ್ಲಿ ಒಬ್ಬ ಹುಡುಗಿ ಮೈಗೆ ಬೆಂಕಿ ಹತ್ತಿದಂತೆ ಎದ್ದು ಕೂತಳು. ಇನ್ನೊಬ್ಬಳು ನೀರು ತರಲು ಓಡಿದಳೆಂದು ಅಲ್ಲಿದ್ದ ಅಮೆರಿಕದ ಮೆಥಡಿಸ್ಟ್ ಸೇವಕಿ ಮಿನ್ನಿ ಏಬ್ರಮ್ಸ್ ಬರೆದಿದ್ದಾರೆ. ಮರುದಿನ ರಮಾಬಾಯಿ ಯೋಹಾನನ ಎಂಟನೆಯ ಅಧ್ಯಾಯವನ್ನು ವಿವರಿಸುತ್ತಿದ್ದಂತೆ ಸೇರಿದವರೆಲ್ಲ ಒಮ್ಮೆಗೇ ಗಟ್ಟಿಯಾಗಿ ಪ್ರಾರ್ಥಿಸತೊಡಗಿದರು. ಅವರು ಓದು ನಿಲ್ಲಿಸಬೇಕಾಯಿತು. ಅಳು, ಪಾಪನಿವೇದನೆ, ಚಪ್ಪಾಳೆ, ಹಾಡು, ಮುಂದೆ ಅನ್ಯಭಾಷೆಗಳಲ್ಲಿ ಮಾತು. ಶಿಸ್ತು ಕೆಟ್ಟಿತೆಂದು ಆಕ್ಷೇಪಿಸಿದವರಿಗೆ, ಪಾಶ್ಚಾತ್ಯರ ಮೌನವೇ ಭಕ್ತಿಯ ಅಳತೆಗೋಲಲ್ಲವೆಂದು ರಮಾಬಾಯಿ ಉತ್ತರಿಸಿದರು. ಈ ಉಜ್ಜೀವನ ಆರಂಭವಾದದ್ದು ಲಾಸ್ ಏಂಜಲೀಸ್‌ನ ಅಜುಸಾ ಬೀದಿಯ ಪ್ರಸಿದ್ಧ ಕೂಟಗಳಿಗೆ (1906) ಮೊದಲು. ಏಬ್ರಮ್ಸ್ ಕಳುಹಿಸಿದ ಪುಸ್ತಕ ಚಿಲಿ ದೇಶದ ಪೆಂಟೆಕೋಸ್ಟಲ್ ಚಳವಳಿಯ ಹುಟ್ಟಿಗೂ ಪ್ರೇರಣೆಯಾಯಿತು. ಪೆಂಟೆಕೋಸ್ಟಲ್ ಧರ್ಮ ಅಮೆರಿಕದಿಂದ ಲೋಕಕ್ಕೆ ಹರಡಿತೆಂಬ ಸರಳ ನಕ್ಷೆ ಇಲ್ಲಿ ಹೊಂದುವುದಿಲ್ಲ.

ಕ್ಷಾಮದಿಂದ ಬದುಕುಳಿದು ಅನ್ನ, ಬಟ್ಟೆ, ಆಸರೆಗಳಿಗೆ ಸಂಸ್ಥೆಯನ್ನೇ ನೆಚ್ಚಿದ್ದ ಹುಡುಗಿಯರ ವಿಶ್ವಾಸ ಎಷ್ಟರಮಟ್ಟಿಗೆ ಸ್ವಂತದ್ದು ಎಂಬ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅವರಲ್ಲಿ ಹೆಚ್ಚಿನವರ ಮಾತು ನಮಗೆ ತಲುಪಿರುವುದು ಬೇರೆಯವರ ಲೇಖನಿಯಿಂದ. ಆದರೂ ಒಂದು ಗಮನಿಸಬೇಕು: ಉಜ್ಜೀವನದ ಆ ದಿನಗಳಲ್ಲಿ ಬೋಧನೆಯ ಸೂತ್ರ ರಮಾಬಾಯಿಯವರ ಕೈಯಿಂದಲೂ ಜಾರಿತು. ತಾವು ಬಿಷಪ್ಪರಿಂದ ಕೇಳಿದ್ದ ಮಾತಾಡುವ ಹಕ್ಕನ್ನು ತಮ್ಮ ಎದುರು ಕೂತ ಹುಡುಗಿಯರಿಂದ ಅವರು ಕಸಿದುಕೊಳ್ಳಲಿಲ್ಲ.

ಕೊನೆಯ ದಶಕಗಳು ಪೂರ್ತಿ ಗ್ರಂಥಕ್ಕೇ ಮೀಸಲಾದವು. ಪ್ರಚಲಿತ ಮರಾಠಿ ಬೈಬಲ್ ಹಳ್ಳಿಯ ಹೆಂಗಸರ ಕಿವಿಗೆ ಕಠಿಣವೆಂದು ಕಂಡು, ಹೀಬ್ರೂ, ಗ್ರೀಕ್ ಕಲಿತು ತಾವೇ ಅನುವಾದಕ್ಕೆ ಕೂತರು. ಸಂಸ್ಕೃತ ಪಾಂಡಿತ್ಯಕ್ಕೆ ಬಿರುದು ಪಡೆದವರು ಸಂಸ್ಕೃತದ ಭಾರವನ್ನು ಬೇಕೆಂದೇ ಇಳಿಸಿದರು. ತಂದೆ ಪುರಾಣವನ್ನು ಸಂಸ್ಕೃತದಲ್ಲೇ ಓದುತ್ತಿದ್ದರು, ಕೇಳಿದವರಿಗೆ ಪುಣ್ಯ ಸಿಕ್ಕರೆ ಸಾಕಿತ್ತು. ಮಗಳಿಗೆ ಕೇಳಿದವರಿಗೆ ಅರ್ಥವೂ ಆಗಬೇಕಿತ್ತು. ಅಚ್ಚಿನ ಮೊಳೆ ಜೋಡಿಸಿದವರು, ಮುದ್ರಿಸಿದವರು ಮುಕ್ತಿ ಸದನದ ಹೆಂಗಸರೇ. ಈ ನಡುವೆ 1912ರಲ್ಲಿ, ಆಗ ನಿಜಾಮರ ಸೀಮೆಯಲ್ಲಿದ್ದ ಗುಲ್ಬರ್ಗದಲ್ಲಿ ತಾಯಿಮಗಳು ಶಾಲೆ ತೆರೆದರು. ಮನೋರಮೆ ಅದರ ಮುಖ್ಯಸ್ಥೆ. 1921ರ ಜುಲೈಯಲ್ಲಿ ಮನೋರಮೆ ತೀರಿಕೊಂಡರು, 1922ರ ಏಪ್ರಿಲ್ 5ರಂದು ತಾಯಿ. ಇಡೀ ಬೈಬಲ್ ಹೊರಬಂದದ್ದು 1924ರಲ್ಲಿ.

ಚರ್ಚ್ ಆಫ್ ಇಂಗ್ಲೆಂಡ್ ತನ್ನ ಪಂಚಾಂಗದಲ್ಲಿ ಈಗ ಏಪ್ರಿಲ್ 30ನ್ನು ಅವರ ಸ್ಮರಣೆಗೆ ಇಟ್ಟಿದೆ. ಅಲ್ಲಿ ಅವರ ಹೆಸರಿನ ಮುಂದಿರುವ ವಿವರಣೆ, ಧರ್ಮಗ್ರಂಥದ ಅನುವಾದಕಿ ಎಂದು.