ಮನೆಯೊಳಗೊಂದು ಕಡಲು

ಸಿಹಿನೀರಿನ ಮೀನುಗಳನ್ನು ಮನೆಯಲ್ಲಿ ಸಾಕುವುದು ಬಹು ಪುರಾತನವಾದ ವಿನೋದ. ಚೀನಾ ದೇಶದವರು ಹೊಂಬಣ್ಣದ ಮೀನುಗಳನ್ನು ನೂರಾರು ವರ್ಷಗಳಿಂದ ಸಾಕಿಕೊಂಡು ಬಂದಿದ್ದಾರೆ. ಆದರೆ ಕಡಲನ್ನೇ, ಅದರ ಉಪ್ಪು, ಬಂಡೆ, ಹವಳಗಳೊಡನೆ, ಒಂದು ಪಾತ್ರೆಯಲ್ಲಿ ಹಿಡಿದು, ಕಡಲ ಗಾಳಿಯೂ ಸೋಕದ ಊರಿನ ನಡುಮನೆಯಲ್ಲಿ ಬಾಳಿಸುವ ವಿದ್ಯೆ ತೀರ ಈಚಿನದು. ಇಂದು ಇಪ್ಪತ್ತು ಮೂವತ್ತು ಲೀಟರಿನ ಗಾಜಿನ ತೊಟ್ಟಿಯಲ್ಲಿ ಜೀವಂತ ಹವಳವನ್ನು ಬೆಳೆಸುವವರಿದ್ದಾರೆ. ಈ ವಿದ್ಯೆ ಹೇಗೆ ಹುಟ್ಟಿತು, ಎಲ್ಲಿ ಎಡವಿತು ಎಂಬುದನ್ನು ಕುರಿತು ಈಗ ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

1832ರಲ್ಲಿ ಸಿಸಿಲಿ ದ್ವೀಪದ ಮೆಸ್ಸೀನಾ ಪಟ್ಟಣದಲ್ಲಿ ಜಾನ್ ವಿಲ್‌ಪ್ರೂ-ಪವರ್ ಎಂಬ ಫ್ರೆಂಚ್ ಮಹಿಳೆ ಗಾಜಿನ ತೊಟ್ಟಿಗಳನ್ನು ಮಾಡಿಸಿ, ಆರ್ಗೊನಾಟ್ ಎಂಬ ಕಡಲಜೀವಿಯನ್ನು ಪರೀಕ್ಷಿಸಿದರು. ಆದರೆ ಮೆಸ್ಸೀನಾದಲ್ಲಿ ಕಡಲು ಮನೆಯ ಬಾಗಿಲಲ್ಲೇ ಇತ್ತು. ಹಳೆಯ ನೀರನ್ನು ಚೆಲ್ಲಿ ಹೊಸ ನೀರನ್ನು ತರುವುದು ಕಷ್ಟವಾಗಿರಲಿಲ್ಲ. ನಿಜವಾದ ಸಮಸ್ಯೆ ಎದುರಾದದ್ದು ಲಂಡನ್ನಿನಲ್ಲಿ. ವೆಸ್ಟ್‌ಮಿನ್‌ಸ್ಟರ್ ಆಬಿಯ ಪಾದ್ರಿಯೊಬ್ಬರ ಪತ್ನಿ ಆನಾ ಥಿನ್ ಅವರು 1846ರಲ್ಲಿ ಟಾರ್ಕೀ ತೀರಕ್ಕೆ ಹೋಗಿದ್ದಾಗ ಅಲ್ಲಿಯ ಚಿಕ್ಕ ಕಲ್ಲುಹವಳಗಳಿಗೆ ಮರುಳಾದರು. ಅವನ್ನು ಸೂಜಿದಾರದಿಂದ ಒಂದು ಸ್ಪಂಜಿಗೆ ಹೊಲಿದು, ಕಡಲ ನೀರು ತುಂಬಿದ ಕಲ್ಲಿನ ಜಾಡಿಯಲ್ಲಿಟ್ಟು ರಾಜಧಾನಿಗೆ ತಂದರು. ಅಲ್ಲಿ ಹೊಸ ಕಡಲ ನೀರು ದುರ್ಲಭ. ಇದ್ದ ನೀರನ್ನೇ ಉಳಿಸಿಕೊಳ್ಳಲು ಅವರು ಹೂಡಿದ ಉಪಾಯ ಸರಳವಾದುದು: ತೆರೆದ ಕಿಟಕಿಯ ಮುಂದೆ ನಿಂತು, ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಅರ್ಧ ಮುಕ್ಕಾಲು ಗಂಟೆಯ ಕಾಲ ಹುಯ್ಯುತ್ತಿರುವುದು. ನಾವು ಬಿಸಿ ಹಾಲನ್ನು ಆರಿಸುವುದಿಲ್ಲವೇ, ಹಾಗೆ. ಹುಯ್ಯುತ್ತಿದ್ದವಳು ಮಾತ್ರ ಮನೆಯ ಕೆಲಸದ ಹುಡುಗಿ. ಅವಳಿಗೆ ಅದೊಂದು ಆಟವಾಗಿತ್ತೆಂದು ಯಜಮಾನಿಯ ಬರಹ ಹೇಳುತ್ತದೆ. ಅವಳ ಹೆಸರನ್ನು ಹೇಳುವುದಿಲ್ಲ. ಮನೆಯೊಳಗಿನ ಮೊದಲ ಹವಳಗಳನ್ನು ಉಸಿರಾಡಿಸಿದ ಕೀರ್ತಿಯಲ್ಲಿ ಆ ತೋಳುಗಳಿಗೂ ಪಾಲು ಸಲ್ಲಬೇಕೆಂದು ನನ್ನ ಮತ. ಮರುವರ್ಷ ಥಿನ್ ಅವರು ಕಡಲ ಪಾಚಿಗಳನ್ನು ತರಿಸಿ ನೀರಿನಲ್ಲಿಟ್ಟರು; ಹವಳಗಳು ಸುಮಾರು ಮೂರು ವರ್ಷ ಬದುಕಿ, ಮರಿಗಳನ್ನೂ ಮಾಡಿದವು.

ಪಾಚಿಯಿಂದೇನು ಪ್ರಯೋಜನ? ಇದಕ್ಕೆ ಶಾಸ್ತ್ರೋಕ್ತವಾದ ಉತ್ತರ ಕೊಟ್ಟವರು ಲಂಡನ್ನಿನ ಔಷಧಿಕಾರರ ಸಂಘದಲ್ಲಿ ರಸಾಯನಜ್ಞರಾಗಿದ್ದ ರಾಬರ್ಟ್ ವಾರಿಂಗ್ಟನ್. 1849ರಲ್ಲಿ ಅವರು 12 ಗ್ಯಾಲನ್ನಿನ ಗಾಜಿನ ಪಾತ್ರೆಯೊಂದರಲ್ಲಿ ಸಿಹಿನೀರು ಹಾಕಿ, ಎರಡು ಹೊನ್ನಮೀನುಗಳನ್ನೂ ಒಂದು ನೀರುಗಿಡವನ್ನೂ ಬಿಟ್ಟರು. ಮೀನು ಬಿಡುವ ಇಂಗಾಲಾಮ್ಲ ವಾಯುವನ್ನು ಗಿಡ ಹೀರುವುದು. ಗಿಡ ಬಿಡುವ ಆಮ್ಲಜನಕವನ್ನು ಮೀನು ಉಸಿರಾಡುವುದು. ಆದರೂ ಕೊಳೆತ ಎಲೆಗಳಿಂದ ನೀರು ಕೆಟ್ಟಿತು. ಆಗ ಬಸವನ ಹುಳುಗಳನ್ನು ಬಿಟ್ಟರು. ಅವು ಕೊಳೆತದ್ದನ್ನು ತಿಂದು ನೀರನ್ನು ತಿಳಿಯಾಗಿಸಿದವು. 1850ರಲ್ಲಿ ಈ ವರದಿ ಪ್ರಕಟವಾಯಿತು. ಅಲ್ಲಿಂದ ಅವರು ಉಪ್ಪುನೀರಿಗೆ ಕೈಹಾಕಿದರು.

ಇದನ್ನು ಜನರ ಮನೆ ಮನೆಗೆ ಒಯ್ದವರು ಫಿಲಿಪ್ ಹೆನ್ರಿ ಗಾಸ್. 1853ರ ಮೇ ತಿಂಗಳಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಮತ್ಸ್ಯಗೃಹ ತೆರೆಯಿತು. ಮರುವರ್ಷ ಗಾಸ್ ಅವರ ‘ಅಕ್ವೇರಿಯಂ’ ಎಂಬ ಗ್ರಂಥ ಬಂದಿತು. ಗಾಜಿನ ಮೇಲಣ ಸುಂಕ 1845ರಲ್ಲೇ ರದ್ದಾಗಿ ಗಾಜು ಅಗ್ಗವಾಗಿತ್ತು. ಕಡಲಿಂದ ದೂರವಿದ್ದವರಿಗಾಗಿ ಗಾಸ್ ಕೃತಕ ಸಮುದ್ರಜಲದ ಪಾಕವನ್ನೂ ಬರೆದುಕೊಟ್ಟರು: ಅಡಿಗೆಯ ಉಪ್ಪು 3½ ಔನ್ಸು, ಭೇದಿಗೆ ಕೊಡುವ ಎಪ್ಸಮ್ ಲವಣ ¼ ಔನ್ಸು, ಮೆಗ್ನೀಸಿಯಂ ಕ್ಲೋರೈಡು 200 ಗ್ರೇನು, ಪೊಟ್ಯಾಸಿಯಂ ಕ್ಲೋರೈಡು 40 ಗ್ರೇನು, ಒಂದು ಗ್ಯಾಲನ್ನಿಗೆ ತುಸು ಕಡಿಮೆ ನೀರು. ಈ ಪಟ್ಟಿಯಲ್ಲಿ ಸುಣ್ಣದ ಅಂಶವಿಲ್ಲವೆಂಬುದನ್ನು ಗಮನಿಸಬೇಕು. ಹವಳವು ತನ್ನ ಮೈಯ ಗೂಡನ್ನು ಕಟ್ಟುವುದು ಸುಣ್ಣದಿಂದಲೇ. ಈಗಿನ ಕೃತಕ ಕಡಲುಪ್ಪಿನಲ್ಲಿ ಅದನ್ನು ಅಗತ್ಯವಾಗಿ ಸೇರಿಸುತ್ತಾರೆ.

ಕೆಲವು ವರ್ಷ ಇಂಗ್ಲೆಂಡಿಗೆ ಇದೊಂದು ಹುಚ್ಚಾಯಿತು. ಬಳಿಕ ಅಷ್ಟೇ ಬೇಗ ಇಳಿಯಿತು. ಹತ್ತರಲ್ಲಿ ಒಂಬತ್ತು ತೊಟ್ಟಿಗಳು ಮೂಲೆ ಸೇರಿದುವೆಂದು 1868ರಲ್ಲಿ ಜೆ. ಜಿ. ವುಡ್ ಎಂಬ ಲೇಖಕರು ಬರೆದರು. ಕಾರಣ ಉದಾಸೀನವೊಂದೇ ಅಲ್ಲ. ನಿಜವಾದ ಕಡಲಿನಲ್ಲಿ ಒಂದು ಮೀನು ಸತ್ತರೆ ಏನೂ ಆಗದು. ಎರಡು ಗ್ಯಾಲನ್ನಿನ ಕಡಲಿನಲ್ಲಿ ಒಂದು ಸಿಗಡಿ ಸತ್ತರೂ ಬೆಳಗಾಗುವುದರೊಳಗೆ ಸರ್ವನಾಶ. ತೊಟ್ಟಿ ಚಿಕ್ಕದಾದಷ್ಟೂ ಕೆಲಸ ಹಗುರವೆಂದು ಜನ ಭಾವಿಸುತ್ತಾರೆ, ಸಂಗತಿ ತಲೆಕೆಳಗು. ಸ್ವಲ್ಪ ನೀರು ಬೇಗ ಕಾಯುತ್ತದೆ, ಬೇಗ ಆರುತ್ತದೆ, ಬೇಗ ಕೆಡುತ್ತದೆ. ವಿಲಿಯಂ ಆಲ್ಫರ್ಡ್ ಲಾಯ್ಡ್ ಇದನ್ನು ಬಲ್ಲವರು. 1871ರಲ್ಲಿ ಕ್ರಿಸ್ಟಲ್ ಪ್ಯಾಲೇಸಿನ ಮತ್ಸ್ಯಾಗಾರವನ್ನು ಏರ್ಪಡಿಸಿದಾಗ, ಕಾಣುವ ತೊಟ್ಟಿಗಳಿಗಿಂತ ಬಹು ದೊಡ್ಡದಾದ ಕತ್ತಲ ಜಲಾಶಯವನ್ನು ನೆಲದ ಕೆಳಗೆ ಕಟ್ಟಿ, ನೀರನ್ನು ಸದಾ ಸುತ್ತಿಸಿದರು.

ಆದರೆ ನೀರು ಕೆಡುವ ಮರ್ಮ ಇವರಾರಿಗೂ ಪೂರ್ತಿ ತಿಳಿದಿರಲಿಲ್ಲ. ಅದು ತಿಳಿದ ಬಗೆ ಚರಿತ್ರೆಯ ವಿನೋದಗಳಲ್ಲೊಂದು. ವಾರಿಂಗ್ಟನ್ನರು ಹೊನ್ನಮೀನುಗಳನ್ನಿಟ್ಟಾಗ ಅದೇ ಹೆಸರಿನ ಅವರ ಮಗನಿಗೆ ಹತ್ತು ಹನ್ನೊಂದರ ವಯಸ್ಸು. ತಂದೆಯ ಪ್ರಯೋಗಶಾಲೆಯಲ್ಲೇ ರಸಾಯನವನ್ನು ಕಲಿತ ಆ ಮಗ, ಮುಂದೆ ರೊಥಾಮ್‌ಸ್ಟೆಡ್ಡಿನ ಕೃಷಿ ಸಂಶೋಧನಾಲಯದಲ್ಲಿ 1877ರಿಂದ ಹೊಲದ ಮಣ್ಣನ್ನು ಪರೀಕ್ಷಿಸುತ್ತ, ಅಮೋನಿಯಾ ಮೊದಲು ನೈಟ್ರೈಟೂ ಬಳಿಕ ನೈಟ್ರೇಟೂ ಆಗುವುದೆಂದೂ, ಇದು ಎರಡು ಬಗೆಯ ಸೂಕ್ಷ್ಮಜೀವಿಗಳ ಕೆಲಸವೆಂದೂ ಕಂಡುಕೊಂಡನು. ಆ ಜೀವಿಗಳನ್ನು ಬೇರ್ಪಡಿಸಿದ ಯಶಸ್ಸು 1890ರಲ್ಲಿ ವಿನೊಗ್ರಾಡ್‌ಸ್ಕಿಗೆ ದೊರೆಯಿತು. ಮೀನಿನ ಮಲಮೂತ್ರ, ಉಳಿದ ಆಹಾರ, ಸತ್ತ ಜೀವಿ ಎಲ್ಲವೂ ನೀರಿನಲ್ಲಿ ಅಮೋನಿಯಾ ಆಗುತ್ತವೆ. ಅದು ವಿಷ, ನೈಟ್ರೈಟೂ ವಿಷ, ನೈಟ್ರೇಟು ಅಷ್ಟು ಘೋರವಲ್ಲ. ತಂದೆಯ ಪಾತ್ರೆಯ ಗುಟ್ಟು ಮಗನ ಮಣ್ಣಿನಲ್ಲಿತ್ತು.

ಈ ತಿಳಿವು ಹವಳದ ತೊಟ್ಟಿಗೆ ಬಂದು ಸೇರಲು ಬಹುಕಾಲ ಹಿಡಿಯಿತು. ಜಕಾರ್ತಾದ ಲೀ ಚಿನ್ ಎಂಗ್ ಎಂಬವರು ಯಂತ್ರಗಳ ಗೊಡವೆಯನ್ನು ಬಿಟ್ಟು, ಹವಳದ ದಿಬ್ಬದಿಂದ ತಂದ ಜೀವಭರಿತ ಕಲ್ಲುಗಳನ್ನು ಕಡಲ ನೀರಿನಲ್ಲಿಟ್ಟು, ಮೆಲ್ಲನೆ ಗಾಳಿಯ ಗುಳ್ಳೆಗಳನ್ನು ಹಾಯಿಸಿದರು. 1961ರಲ್ಲಿ ತಮ್ಮ ಕ್ರಮವನ್ನು ಅಮೆರಿಕದ ಪತ್ರಿಕೆಯೊಂದರಲ್ಲಿ ವಿವರಿಸಿದರು. ಕಲ್ಲಿನ ಮೈಮೇಲೆ ಅಮೋನಿಯಾವನ್ನು ತಿನ್ನುವ ಜೀವಿಗಳು, ಗಾಳಿ ಹೊಗದ ಒಳರಂಧ್ರಗಳಲ್ಲಿ ನೈಟ್ರೇಟನ್ನೂ ಕರಗಿಸುವ ಜೀವಿಗಳು! ಇಂದಿನ ಪುಟ್ಟ ತೊಟ್ಟಿಗೆ ಈ ಕಲ್ಲೇ ಅಸ್ತಿಭಾರ. ಕಲ್ಲನ್ನಿಟ್ಟ ಮೇಲೆ ಅಮೋನಿಯಾ, ನೈಟ್ರೈಟು ಎರಡೂ ಇಳಿದು ಹೋಗುವವರೆಗೆ ಕೆಲವು ವಾರ ಯಾವ ಜೀವಿಯನ್ನೂ ಬಿಡದೆ ಕಾಯಬೇಕು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, 25 ಡಿಗ್ರಿಯ ಆಸುಪಾಸಿನ ಶಾಖ, ವಾರಕ್ಕೊಮ್ಮೆ ಹತ್ತನೆಯ ಒಂದು ಪಾಲು ನೀರಿನ ಬದಲಾವಣೆ. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಆದ್ದರಿಂದ ದಿನವೂ ತುಂಬಬೇಕಾದುದು ಶುದ್ಧವಾದ ಸಿಹಿನೀರು. ಗಾಸ್ ಅವರ ಕಾಲದವರಿಗೂ ಇದು ತಿಳಿದಿತ್ತು. ತಿಳಿಯದಿದ್ದುದು ಬೆಳಕಿನ ವಿಷಯ. ಥಿನ್ ಅವರ ಹವಳ ತಂಪು ಕಡಲಿನದು, ಆಹಾರ ತಿಂದು ಬದುಕುವಂಥದು. ಉಷ್ಣವಲಯದ ದಿಬ್ಬ ಕಟ್ಟುವ ಹವಳಗಳ ಮೈಯಲ್ಲಿ ಪಾಚಿಯ ಕಣಗಳು ಒಕ್ಕಲಿದ್ದು ಬಿಸಿಲಿನಿಂದ ಅಡಿಗೆ ಮಾಡಿಕೊಡುತ್ತವೆ. ಲಂಡನ್ನಿನ ಮಂಕು ಕಿಟಕಿಯಲ್ಲಿ ಅವು ಉಪವಾಸ ಬೀಳುತ್ತಿದ್ದವು.

ಈ ವಿನೋದಕ್ಕೆ ಬೆಲೆ ತೆತ್ತವರು ಯಾರು? ಗಾಸ್ ಅವರ ಮಗ ಎಡ್ಮಂಡ್ ಗಾಸ್ 1907ರಲ್ಲಿ ಬರೆದ ಆತ್ಮಕಥನದಲ್ಲಿ, ತಂದೆಯ ಗ್ರಂಥಗಳನ್ನೋದಿ ಮುಗಿಬಿದ್ದ ಸಂಗ್ರಾಹಕರಿಂದ ಬಂಡೆಯ ಮಡುಗಳೆಲ್ಲ ಸೂರೆಯಾದುದನ್ನು ನೆನೆದು ಮರುಗಿದ್ದಾರೆ. ನಮ್ಮ ದೇಶದಲ್ಲಿ 2001ರಲ್ಲಿ ಕಲ್ಲುಹವಳಗಳನ್ನೆಲ್ಲ ವನ್ಯಜೀವಿ ರಕ್ಷಣೆಯ ಕಾನೂನಿನ ಮೊದಲ ಪಟ್ಟಿಗೆ ಸೇರಿಸಲಾಯಿತು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಹವಳವನ್ನು ಮುಳುಗಿ ನೋಡಬಹುದು, ಮುರಿದು ತರುವಂತಿಲ್ಲ. ಹೊರದೇಶಗಳ ಹವ್ಯಾಸಿಗಳಲ್ಲಿ ಈಗ ಎಷ್ಟೋ ಮಂದಿ ಕಡಲಿಗೆ ಕೈಯಿಕ್ಕುವುದಿಲ್ಲ. ಒಬ್ಬರ ತೊಟ್ಟಿಯಲ್ಲಿ ಬೆಳೆದ ಹವಳದಿಂದ ಹೆಬ್ಬೆರಳ ಗಾತ್ರದ ತುಂಡನ್ನು ಕತ್ತರಿಸಿ ಇನ್ನೊಬ್ಬರು ಒಯ್ಯುತ್ತಾರೆ, ನಾವು ನೆರೆಮನೆಯಿಂದ ದಾಸವಾಳದ ಕಡ್ಡಿಯನ್ನು ತರುವಂತೆ.